ಒಂದು ಗ್ರಾಂ, ಅರವತ್ತು ಸಾವಿರ ತಾಯಂದಿರು

ಕೂಸು ಹುಟ್ಟಿದ ಒಂದು ನಿಮಿಷದೊಳಗೆ ರಕ್ತಸ್ರಾವ ತಡೆಯಲು ತಾಯಿಯ ತೊಡೆಗೆ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್‌ನಲ್ಲಿ 10 ಯೂನಿಟ್ ಔಷಧ ಇರುತ್ತದೆ. ಯೂನಿಟ್ ಎಂಬುದು ಔಷಧದ ಬಲದ ಅಳತೆ. ತೂಕಕ್ಕೆ ತಿರುಗಿಸಿದರೆ ಅದು ಸುಮಾರು 16.7 ಮೈಕ್ರೋಗ್ರಾಂ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಮೈಕ್ರೋಗ್ರಾಂ. ಹಾಗಾಗಿ ಒಂದೇ ಒಂದು ಗ್ರಾಂ ಶುದ್ಧ ಆಕ್ಸಿಟೋಸಿನ್ 60,000 ತಾಯಂದಿರಿಗೆ ಸಾಕಾಗುತ್ತದೆ.

ಈ ಲೆಕ್ಕವನ್ನು ನಮ್ಮ ಊರುಗಳಿಗೆ ಹಚ್ಚಿ ನೋಡೋಣ. ಕಾಗಿಣಾ ನದಿ ದಂಡೆಯ ದಂಡೋತಿಯಂಥ ಊರೊಂದರಲ್ಲಿ ವರ್ಷಕ್ಕೆ 200 ಹೆರಿಗೆ ಆಗುತ್ತವೆ ಎಂದು ಹಿಡಿಯಿರಿ. ಅಷ್ಟೂ ತಾಯಂದಿರಿಗೆ ತಲಾ ಒಂದು ಇಂಜೆಕ್ಷನ್ ಕೊಡಲು ಬೇಕಾಗುವ ಔಷಧ 3.3 ಮಿಲಿಗ್ರಾಂ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲ ಸೇರಿದ ಕಲಬುರಗಿ ಜಿಲ್ಲೆಯಲ್ಲಿ ವರ್ಷಕ್ಕೆ 60,000 ಹೆರಿಗೆ ಎಂದು ಕೈಬಿಚ್ಚಿ ಹಿಡಿದರೂ ಒಂದು ಗ್ರಾಂ ಆಯಿತು. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹೆರಿಗೆ. ಅದಕ್ಕೆ 17 ಗ್ರಾಂ. ಭಾರತದಲ್ಲಿ ಸುಮಾರು 2.3 ಕೋಟಿ; ಅದಕ್ಕೆ 383 ಗ್ರಾಂ. ಕಲಬುರಗಿಯ ಅಂಗಡಿಗಳಲ್ಲಿ ಸಿಗುವ ಅರ್ಧ ಕಿಲೋ ತೊಗರಿ ಬೇಳೆಯ ಪೊಟ್ಟಣಕ್ಕಿಂತ ಇಡೀ ದೇಶದ ಈ ಪಾಲು ಹಗುರ. ಜಗತ್ತಿನಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಸುಮಾರು 13.2 ಕೋಟಿ. ಅವರ ತಾಯಂದಿರಿಗೆಲ್ಲ ಬೇಕಾಗುವುದು 2.2 ಕಿಲೋ.

ಇನ್ನೊಂದು ಲೆಕ್ಕ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ದೇಶ ಅವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಿತು. ಅವರ ಕೈಯಲ್ಲಿ ಹೆತ್ತ 15,000 ತಾಯಂದಿರಿಗೂ ತಲಾ ಒಂದು ಇಂಜೆಕ್ಷನ್ ಎಂದು ಲೆಕ್ಕ ಹಾಕಿದರೆ ಒಟ್ಟು ಔಷಧ ಕಾಲು ಗ್ರಾಂ. ಒಂದು ಇಡೀ ಜೀವಮಾನದ ದುಡಿಮೆಗೆ ಕಾಲು ಗ್ರಾಂ!

ಇಷ್ಟು ಹಗುರವಾದ ಔಷಧ ಇದ್ದೂ ಹೆರಿಗೆಯ ನಂತರದ ರಕ್ತಸ್ರಾವಕ್ಕೆ ವರ್ಷಕ್ಕೆ ಸುಮಾರು 1.4 ಕೋಟಿ ಹೆಂಗಸರು ಗುರಿಯಾಗುತ್ತಾರೆ, ಸುಮಾರು 70,000 ಮಂದಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಕಿಲೋ ಚಿಲ್ಲರೆ ಔಷಧ ತಯಾರಿಸುವುದು ಜಗತ್ತಿಗೆ ಕಷ್ಟವೇ ಅಲ್ಲ. ಕಷ್ಟವಿರುವುದು ಅದನ್ನು ತಂಪಾಗಿ, ಸರಿಯಾದ ನಿಮಿಷಕ್ಕೆ, ಸರಿಯಾದ ಅಳತೆಯಲ್ಲಿ ತಾಯಿಯ ಮಗ್ಗುಲಿಗೆ ಮುಟ್ಟಿಸುವುದರಲ್ಲಿ. ಗರ್ಭಕೋಶವನ್ನು ಬಿಗಿಸಿ ರಕ್ತ ನಿಲ್ಲಿಸುವ ಔಷಧಗಳ ಕಥೆಯಲ್ಲಿ ಎದುರಾಗುವ ಒಂದೊಂದು ಅಂಕಿಯೂ ಅದನ್ನೇ ಹೇಳುತ್ತದೆ.

ನಿಮಿಷಕ್ಕೆ 600 ಎಂ.ಎಲ್.

ಗರ್ಭವಿಲ್ಲದಾಗ ಗರ್ಭಕೋಶದ ತೂಕ ಸುಮಾರು 70 ಗ್ರಾಂ. ಒಳಗಿನ ಜಾಗ 10 ಎಂ.ಎಲ್. ಅಥವಾ ಅದಕ್ಕೂ ಕಡಿಮೆ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅದೇ ಗರ್ಭಕೋಶ 1,100 ಗ್ರಾಂ ತೂಗುತ್ತದೆ, ಒಳಗೆ ಸುಮಾರು ಐದು ಲೀಟರ್ ಹಿಡಿಸುತ್ತದೆ. ಜಾಗ ಐನೂರು ಪಟ್ಟು ಹಿಗ್ಗಿತು, ತೂಕ ಹದಿನೈದು ಪಟ್ಟು ಏರಿತು. ದೇಹದ ಬೇರೆ ಯಾವ ಸ್ನಾಯುವೂ ಒಂದು ವರ್ಷದೊಳಗೆ ಇಷ್ಟು ಬೆಳೆದು, ಮತ್ತೆ ಆರು ವಾರದಲ್ಲಿ ಮೊದಲಿನ ಗಾತ್ರಕ್ಕೆ ಇಳಿಯುವುದಿಲ್ಲ.

ಬೆಳೆದ ಕೂಸಿಗೆ ರಕ್ತ ಬೇಕು. ಮೊದಲು ನಿಮಿಷಕ್ಕೆ ಸುಮಾರು 50 ಎಂ.ಎಲ್. ರಕ್ತ ಪಡೆಯುತ್ತಿದ್ದ ಗರ್ಭಕೋಶಕ್ಕೆ ತಿಂಗಳು ತುಂಬುವಾಗ 500ರಿಂದ 750 ಎಂ.ಎಲ್. ಹರಿಯುತ್ತದೆ. ಮಾಸು ಅಂಟಿಕೊಂಡ ಜಾಗದಲ್ಲಿ ಸುಮಾರು ನೂರು ಸುರುಳಿ ರಕ್ತನಾಳಗಳು ತಮ್ಮ ಸ್ನಾಯುಗೋಡೆಯನ್ನೇ ಕಳೆದುಕೊಂಡು ಅಗಲವಾಗಿ ಬಾಯಿ ತೆರೆದು ನಿಂತಿರುತ್ತವೆ. ಬೇರೆ ಕಡೆಯ ರಕ್ತನಾಳ ಕಡಿದರೆ ತಾನೇ ಸೆಟೆದುಕೊಂಡು ಮುಚ್ಚಲು ಹವಣಿಸುತ್ತದೆ. ಇವುಗಳಿಗೆ ಆ ಶಕ್ತಿ ಉಳಿದಿಲ್ಲ.

ಕೂಸು ಹುಟ್ಟಿ ಮಾಸು ಕಳಚಿದ ಕೂಡಲೇ ಈ ನೂರು ಬಾಯಿಗಳು ಬಯಲಾಗುತ್ತವೆ. ಅವುಗಳನ್ನು ಮುಚ್ಚಬೇಕಾದದ್ದು ಗರ್ಭಕೋಶದ ಸ್ನಾಯು. ಅದರ ಎಳೆಗಳು ಅಡ್ಡಡ್ಡ ಹೆಣೆದುಕೊಂಡಿದ್ದು, ನಡುನಡುವೆ ರಕ್ತನಾಳಗಳು ಹಾಯ್ದಿರುತ್ತವೆ. ಸ್ನಾಯು ಬಿಗಿದರೆ ಪ್ರತಿ ನಾಳವೂ ಹಿಸುಕಿಕೊಂಡು ಮುಚ್ಚುತ್ತದೆ. ಬಿಗಿಯದೆ ಮೆತ್ತಗೆ ಉಳಿದರೆ ಒಂದೊಂದು ನಿಮಿಷಕ್ಕೂ ನೂರಾರು ಎಂ.ಎಲ್. ರಕ್ತ ಹೊರಗೆ ಹೋಗಬಲ್ಲದು. 45 ಕಿಲೋ ತೂಗುವ ಹೆಣ್ಣುಮಗಳ ಮೈಯಲ್ಲಿ ಬಸುರಿನ ಕೊನೆಗೆ ಇರುವ ಒಟ್ಟು ರಕ್ತ ನಾಲ್ಕೂವರೆ ಲೀಟರಿನ ಆಸುಪಾಸು. ನಿಮಿಷಕ್ಕೆ 600ರಂತೆ ಭಾಗಿಸಿದರೆ ಉತ್ತರ ಏಳೂವರೆ ನಿಮಿಷ. ಎಲ್ಲ ರಕ್ತಸ್ರಾವವೂ ಅಷ್ಟು ವೇಗದ್ದಲ್ಲ. ಆದರೆ ಹೆರಿಗೆ ಮನೆಯಲ್ಲಿ ಗಂಟೆಗಿಂತ ನಿಮಿಷಕ್ಕೆ ಏಕೆ ಬೆಲೆ ಎಂಬುದು ಈ ಭಾಗಾಕಾರದಿಂದ ತಿಳಿಯುತ್ತದೆ.

ಇದಕ್ಕೆ ರಕ್ತಹೀನತೆಯನ್ನೂ ಸೇರಿಸಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿ ಹೆಂಗಸರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 12 ಇರುವ ತಾಯಿ ಅರ್ಧ ಲೀಟರ್ ಕಳೆದುಕೊಂಡು ಎದ್ದು ಕೂರುತ್ತಾಳೆ. ಅದು 7 ಇದ್ದವಳಿಗೆ ಅದೇ ಅರ್ಧ ಲೀಟರ್ ಜೀವದ ಪ್ರಶ್ನೆಯಾಗುತ್ತದೆ.

ಆರೂವರೆ ಕೋಟಿ ಪಟ್ಟು ಭಾರದ ಸ್ನಾಯು

16.7 ಮೈಕ್ರೋಗ್ರಾಂ ಔಷಧ 1,100 ಗ್ರಾಂ ಸ್ನಾಯುವನ್ನು ಬಿಗಿಸುತ್ತದೆ. ತನಗಿಂತ ಆರೂವರೆ ಕೋಟಿ ಪಟ್ಟು ಭಾರವಾದುದನ್ನು ಅದು ಆಳುತ್ತದೆ. ಹೇಗೆ?

ಮೊದಲ ಉತ್ತರ ಅಣುಗಳ ಎಣಿಕೆಯಲ್ಲಿದೆ. ಆಕ್ಸಿಟೋಸಿನ್ ಪುಟ್ಟ ಅಣು. ಬರೀ ಒಂಬತ್ತು ಅಮೈನೋ ಆಮ್ಲಗಳ ಸರಪಳಿ. ಅದು ಅಷ್ಟು ಸಣ್ಣದಾದ್ದರಿಂದಲೇ 10 ಯೂನಿಟ್‌ನಲ್ಲಿ ನೂರು ಕೋಟಿ ಕೋಟಿ ಅಣುಗಳು ಹಿಡಿಸುತ್ತವೆ. ಒಂದರ ಮುಂದೆ 16 ಸೊನ್ನೆ.

ಎರಡನೆಯ ಉತ್ತರ ಗರ್ಭಕೋಶದ ಸಿದ್ಧತೆಯಲ್ಲಿದೆ. ಆಕ್ಸಿಟೋಸಿನ್ ಬಂದು ಕೂರುವ ಗ್ರಾಹಕಗಳು ಸ್ನಾಯುಕೋಶದ ಮೈಮೇಲೆ ಇರುತ್ತವೆ. ಬಸುರಿನ ಮೊದಲ ತಿಂಗಳುಗಳಲ್ಲಿ ಅವು ವಿರಳ. ಹೆರಿಗೆ ಹತ್ತಿರವಾಗುತ್ತಿದ್ದಂತೆ ಅವುಗಳ ಸಂಖ್ಯೆ ನೂರು ಪಟ್ಟು, ಇನ್ನೂ ಹೆಚ್ಚು ಏರುತ್ತದೆ. ಅದಕ್ಕೇ ಮೂರು ತಿಂಗಳ ಬಸುರಿನಲ್ಲಿ ಹೆಚ್ಚು ಕೆಲಸ ಮಾಡದ ಔಷಧ ಒಂಬತ್ತು ತಿಂಗಳಿಗೆ ಚೂರೇ ಸಾಕಾಗುತ್ತದೆ. ಜೊತೆಗೆ ಕೋಶದಿಂದ ಕೋಶಕ್ಕೆ ವಿದ್ಯುತ್ ಸಂದೇಶ ದಾಟಿಸುವ ಸಣ್ಣ ಕಿಂಡಿಗಳು ಆಗಲೇ ಒಂದೇ ಸಮನೆ ಹೆಚ್ಚುತ್ತವೆ. ಲೆಕ್ಕವಿಲ್ಲದಷ್ಟು ಕೋಶಗಳು ಒಟ್ಟಿಗೆ ಬಿಗಿಯಬೇಕಾದರೆ ಈ ಕಿಂಡಿಗಳು ಬೇಕು.

ಮೂರನೆಯದು ಕೋಶದೊಳಗಿನ ಗುಣಾಕಾರ. ಒಂದು ಅಣು ಒಂದು ಗ್ರಾಹಕವನ್ನು ಹಿಡಿದರೆ ಒಳಗೆ ಒಂದು ಕಿಣ್ವ ಎಚ್ಚರಗೊಂಡು ಹಲವು ಸಂದೇಶವಾಹಕ ಅಣುಗಳನ್ನು ಹುಟ್ಟಿಸುತ್ತದೆ. ಅವು ಕೋಶದ ಉಗ್ರಾಣದಲ್ಲಿರುವ ಕ್ಯಾಲ್ಸಿಯಂನ ಬಾಗಿಲು ತೆಗೆಯುತ್ತವೆ. ಸುಮ್ಮನಿರುವ ಕೋಶದ ಒಳಗಿರುವುದಕ್ಕಿಂತ ಹೊರಗೆ ಕ್ಯಾಲ್ಸಿಯಂ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಒಳಗಿನ ಉಗ್ರಾಣದಿಂದಲೂ ಹೊರಗಿನಿಂದಲೂ ಅದು ನುಗ್ಗಿ ಬಂದಾಗ ಸ್ನಾಯುವಿನ ಎಳೆಗಳು ಒಂದರೊಳಗೊಂದು ಜಾರಿ ಬಿಗಿಯುತ್ತವೆ.

ಈ ರಸಾಯನ ಮನುಷ್ಯರಿಗೆ ಮಾತ್ರ ಸೇರಿದ್ದಲ್ಲ. ಆಕ್ಸಿಟೋಸಿನ್ ಕುಲದ ಅಣುಗಳು ಸುಮಾರು 60 ಕೋಟಿ ವರ್ಷ ಹಳೆಯವು. ಎರೆಹುಳುವಿನಲ್ಲಿಯೂ ಅದರ ಸೋದರ ಅಣುವಿದೆ. ಅಲ್ಲಿಯೂ ಅದರ ಕೆಲಸ ಮೊಟ್ಟೆ ಇಡಿಸುವುದೇ. ಹೊಲದ ಎರೆಮಣ್ಣಿನೊಳಗೂ ಹೆರಿಗೆ ಮನೆಯೊಳಗೂ ನಡೆಯುತ್ತಿರುವುದು ಒಂದೇ ಮೂಲದ ಕೆಲಸ.

ಇಷ್ಟು ಬಲವಾದ ಔಷಧ ಬಹಳ ಹೊತ್ತು ನಿಲ್ಲುವುದಿಲ್ಲ. ರಕ್ತದಲ್ಲಿ ಮೂರರಿಂದ ಆರು ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಐದು ನಿಮಿಷ ಎಂದು ಹಿಡಿದರೆ ಅರ್ಧ ಗಂಟೆಯಲ್ಲಿ ಉಳಿಯುವುದು ಅರವತ್ತನಾಲ್ಕರಲ್ಲಿ ಒಂದು ಪಾಲು. ತೊಡೆಯ ಸ್ನಾಯುವಿಗೆ ಕೊಟ್ಟಾಗ ಅದು ನಿಧಾನವಾಗಿ ರಕ್ತಕ್ಕೆ ಇಳಿಯುವುದರಿಂದ ಮೂರರಿಂದ ಐದು ನಿಮಿಷಕ್ಕೆ ಕೆಲಸ ಶುರು ಮಾಡಿ ಎರಡು ಮೂರು ತಾಸು ಆಸರೆಯಾಗುತ್ತದೆ.

ತೆನೆಯ ರೋಗದಿಂದ ನೊಬೆಲ್‌ವರೆಗೆ

ಆಕ್ಸಿಟೋಸಿನ್‌ಗಿಂತ ಮೊದಲು ಬಂದದ್ದು ಎರ್ಗಟ್. ಯುರೋಪಿನ ರೈ ಎಂಬ ಧಾನ್ಯದ ತೆನೆಗೆ ಹತ್ತುವ ಶಿಲೀಂಧ್ರ ಅದು. ನಮ್ಮ ಜೋಳ, ಸಜ್ಜೆಯ ತೆನೆಗೂ ಅದೇ ಕುಲದ ಶಿಲೀಂಧ್ರಗಳು ಹತ್ತುತ್ತವೆ. ಹೂವಾಡುವ ಹೊತ್ತಿಗೆ ತೆನೆಯಿಂದ ಜೇನಿನಂಥ ಅಂಟು ಸೋರಿ, ಆಮೇಲೆ ಕಾಳಿನ ಜಾಗದಲ್ಲಿ ಕಪ್ಪು ಗಟ್ಟಿ ಕೂರುತ್ತದೆ. ಅವುಗಳೊಳಗಿನ ರಾಸಾಯನಿಕಗಳು ರೈ ತೆನೆಯವಕ್ಕಿಂತ ಬೇರೆ. ರೈ ತೆನೆಯ ಈ ಕಪ್ಪು ಗಟ್ಟಿಯನ್ನು ಯುರೋಪಿನ ಸೂಲಗಿತ್ತಿಯರು ಬಳಸುವುದನ್ನು 1582ರಲ್ಲೇ ಬರೆದಿಟ್ಟಿದ್ದಾರೆ. ಬಿಗಿತ ಬರುತ್ತಿತ್ತು, ಆದರೆ ಅಳತೆ ಯಾರ ಕೈಯಲ್ಲೂ ಇರಲಿಲ್ಲ. ಹೆರಿಗೆಗೆ ಮೊದಲೇ ಕೊಟ್ಟಾಗ ಕೂಸುಗಳು ಒಳಗೇ ಸಾಯುತ್ತಿದ್ದವು. 1820ರ ದಶಕದಲ್ಲಿ ನ್ಯೂಯಾರ್ಕ್‌ನ ವೈದ್ಯ ಡೇವಿಡ್ ಹೊಸ್ಯಾಕ್ ಅದನ್ನು ಹೆರಿಗೆ ಚುರುಕು ಮಾಡಲು ಬಳಸಬೇಡಿ, ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸಲು ಮಾತ್ರ ಬಳಸಿ ಎಂದು ಎಚ್ಚರಿಸಿದರು. ಇನ್ನೂರು ವರ್ಷದ ಹಿಂದಿನ ಆ ಎಚ್ಚರಿಕೆ ಇಂದಿಗೂ ಹಳೆಯದಾಗಿಲ್ಲ.

ಎರ್ಗಟ್ ಮೇಲೆ ಕೆಲಸ ಮಾಡುತ್ತಿದ್ದ ಹೆನ್ರಿ ಡೇಲ್ 1906ರಲ್ಲಿ ಎತ್ತಿನ ಪಿಟ್ಯುಟರಿ ಗ್ರಂಥಿಯ ಸಾರ ಬಸುರಿ ಬೆಕ್ಕಿನ ಗರ್ಭಕೋಶವನ್ನು ಬಿಗಿಸುವುದನ್ನು ಕಂಡರು. ಆಕ್ಸಿಟೋಸಿನ್ ಕಥೆ ಅಲ್ಲಿ ಶುರುವಾಯಿತು. 1935ರಲ್ಲಿ ಡಡ್ಲಿ ಮತ್ತು ಮಾಯರ್ ಎರ್ಗಟ್‌ನಿಂದ ಎರ್ಗೊಮೆಟ್ರಿನ್ ಬೇರ್ಪಡಿಸಿದರು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಅನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಪ್ರಾಣಿಗಳ ಗ್ರಂಥಿ ಅರೆದು ತೆಗೆಯುತ್ತಿದ್ದ ವಸ್ತುವನ್ನು ಅಂದಿನಿಂದ ಕಾರ್ಖಾನೆಯಲ್ಲಿ ಅಳತೆ ಹಾಕಿ ಮಾಡುವುದು ಸಾಧ್ಯವಾಯಿತು.

ಇಂದು ಹೆರಿಗೆ ಕೋಣೆಯ ಟ್ರೇಯಲ್ಲಿ ನಾಲ್ಕೈದು ಔಷಧಗಳಿರುತ್ತವೆ. ಆಕ್ಸಿಟೋಸಿನ್ ಅಲೆಅಲೆಯಾಗಿ ಬಿಗಿಸುತ್ತದೆ. ಮಿಥೈಲ್ ಎರ್ಗೊಮೆಟ್ರಿನ್ 0.2 ಮಿಲಿಗ್ರಾಂ, ಅದು ಬಿಗಿದ ಮುಷ್ಟಿಯನ್ನು ಸಡಿಲಿಸದೆ ಹಿಡಿಯುತ್ತದೆ, ಆದರೆ ಬಿಪಿ ಏರಿಸುವುದರಿಂದ ಬಿಪಿ ಇರುವ ತಾಯಿಗೆ ಕೊಡುವಂತಿಲ್ಲ. ಕಾರ್ಬೊಪ್ರೊಸ್ಟ್ 250 ಮೈಕ್ರೋಗ್ರಾಂ. ಅದು ಉಬ್ಬಸ ಇರುವವರಿಗೆ ಆಗದು. ಮೈಸೊಪ್ರೊಸ್ಟಾಲ್ ಮಾತ್ರೆ ರೂಪದಲ್ಲಿ ಬರುತ್ತದೆ. ಚಳಿ ನಡುಕ, ಜ್ವರ ತರಬಹುದು. ಕಾರ್ಬೆಟೋಸಿನ್ 100 ಮೈಕ್ರೋಗ್ರಾಂ; ಆಕ್ಸಿಟೋಸಿನ್‌ನ ತಮ್ಮ, ಅಣ್ಣನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

2ರಿಂದ 8, ಹೊರಗೆ 42

ಆಕ್ಸಿಟೋಸಿನ್ ಇರಬೇಕಾದದ್ದು 2ರಿಂದ 8 ಡಿಗ್ರಿ ತಂಪಿನಲ್ಲಿ. ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿಯಲ್ಲ. ಶಹಾಬಾದ್ ಕಲ್ಲಿನ ಗೋಡೆ, ಕಲ್ಲಿನ ಹಾಸು, ಸಿಮೆಂಟ್ ಕಾರ್ಖಾನೆಯ ಹೊಗೆ. ಮಧ್ಯಾಹ್ನದ ಬೇಗೆ ರಾತ್ರಿಯೂ ಆರುವುದಿಲ್ಲ. ಆಂಪೂಲಿನ ಔಷಧಕ್ಕೂ ಹೊರಗಿನ ಗಾಳಿಗೂ ಮೂವತ್ತೈದು ಡಿಗ್ರಿಯ ಅಂತರ. ಕರೆಂಟ್ ಹೋದ ಒಂದೊಂದು ತಾಸೂ ಆ ಅಂತರವನ್ನು ತಿನ್ನುತ್ತದೆ.

ಕತ್ತಲಲ್ಲಿ 30 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟ ಆಕ್ಸಿಟೋಸಿನ್ ಸುಮಾರು ಶೇ 14ರಷ್ಟು ಬಲ ಕಳೆದುಕೊಂಡಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆಯ 1990ರ ದಶಕದ ಪರೀಕ್ಷೆಗಳು ತೋರಿಸಿದವು. 40 ಡಿಗ್ರಿಯಲ್ಲಿ ನಷ್ಟ ಇದಕ್ಕಿಂತ ಎಷ್ಟೋ ಹೆಚ್ಚು. ಎರ್ಗೊಮೆಟ್ರಿನ್‌ಗೆ ಬಿಸಿಯ ಜೊತೆ ಬೆಳಕೂ ವೈರಿ. ಬೆಳಕಿಗೆ ಬಿಟ್ಟರೆ ಒಂದು ವರ್ಷದಲ್ಲಿ ಶೇ 90ಕ್ಕೂ ಹೆಚ್ಚು ಬಲ ಹೋಗುತ್ತದೆ. ಬಲ ಕಳೆದುಕೊಂಡ ಔಷಧ ನೋಡಲು ಮೊದಲಿನಂತೆಯೇ ತಿಳಿನೀರಾಗಿರುತ್ತದೆ. ಸಿಸ್ಟರ್ ಅದನ್ನೇ ಚುಚ್ಚುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಗರ್ಭಕೋಶ ಬಿಗಿಯದಿದ್ದಾಗ ಮಾತ್ರ ಫ್ರಿಜ್ಜಿನ ಕಥೆ ಹೊರಗೆ ಬರುತ್ತದೆ.

ಮಳೆಗಾಲದ್ದು ಬೇರೆ ಕಷ್ಟ. ಕಾಗಿಣಾ ಉಕ್ಕಿದರೆ ದಂಡೋತಿಯ ಸೇತುವೆ ಮುಳುಗಿ ಚಿತ್ತಾಪುರ–ಕಲಬುರಗಿ ದಾರಿ ನಿಂತುಹೋಗುವುದನ್ನು ಈ ಭಾಗದವರು ಎಷ್ಟೋ ಮಳೆಗಾಲಗಳಲ್ಲಿ ಕಂಡಿದ್ದಾರೆ. ಅಂಥ ದಿನ ಬ್ಯಾನಿ ತಿನ್ನುವ ಹೆಣ್ಣುಮಗಳಿಗೆ ದೊಡ್ಡಾಸ್ಪತ್ರೆ ನದಿಯ ಆಚೆ ಉಳಿಯುತ್ತದೆ. ಆಗ ಈಚೆ ದಂಡೆಯಲ್ಲಿ ಯಾವ ಔಷಧ ಇದೆ, ಅದು ತಂಪಾಗಿದೆಯೇ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಬೆಳಗಾವಿಯ 1,620 ತಾಯಂದಿರು

ಫ್ರಿಜ್ಜು ಬೇಡದ, ಸೂಜಿ ಬೇಡದ ಔಷಧ ಈ ಕೆಲಸ ಮಾಡೀತೇ? ಈ ಪ್ರಶ್ನೆಗೆ ಜಗತ್ತಿಗೆ ಗಟ್ಟಿ ಉತ್ತರ ಸಿಕ್ಕಿದ್ದು ಕರ್ನಾಟಕದ ಹಳ್ಳಿಗಳಿಂದ.

ಮೈಸೊಪ್ರೊಸ್ಟಾಲ್ ಅನ್ನು ಮಾಡಿದ್ದು ಹೊಟ್ಟೆಹುಣ್ಣಿಗೆಂದು. ಅದು ಗರ್ಭಕೋಶವನ್ನೂ ಬಿಗಿಸುತ್ತದೆ ಎಂಬುದು ಅದರ ಅಡ್ಡಪರಿಣಾಮವಾಗಿತ್ತು. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ ಮುಂತಾದ ವೈದ್ಯರು ಅಮೆರಿಕದ ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಅವರೊಂದಿಗೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ತಾಯಂದಿರು. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತ ಅಳೆದವರು 25 ಮಂದಿ ಎ.ಎನ್.ಎಂ.ಗಳು (ಹಳ್ಳಿಯ ಸರ್ಕಾರಿ ದಾದಿಯರು). 812 ಮಂದಿಗೆ ನಿಜವಾದ ಮಾತ್ರೆ, 600 ಮೈಕ್ರೋಗ್ರಾಂ. 808 ಮಂದಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ.

2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅರ್ಧ ಲೀಟರ್ ಮತ್ತು ಅದಕ್ಕೂ ಮೀರಿದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಒಂದು ಲೀಟರ್ ಮುಟ್ಟುವ ಭಾರಿ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ. ಪ್ರತಿ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂದಾಯಿತು. ಒಬ್ಬ ತಾಯಿಯ ಪಾಲು 200 ಮೈಕ್ರೋಗ್ರಾಂನ ಮೂರು ಮಾತ್ರೆ. ಹದಿನೆಂಟು ಮಂದಿಗೆ 54 ಮಾತ್ರೆ. ಅವುಗಳೊಳಗಿನ ಔಷಧ ಎಲ್ಲ ಸೇರಿ 10.8 ಮಿಲಿಗ್ರಾಂ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಸಿಗುವಲ್ಲಿ ಅದೇ ಮೇಲು. ಸಿಗದಲ್ಲಿ ಈ ಮೂರು ಮಾತ್ರೆ ಬದುಕಿನ ಕಡೆಗೆ ತಾಯಿಯನ್ನು ಎಳೆಯುತ್ತವೆ.

ಬೆಳಗಾವಿ ಕೊಟ್ಟ ಇನ್ನೊಂದು ಕೊಡುಗೆ ಪ್ಲಾಸ್ಟಿಕ್ ಹಾಳೆ. ತಾಯಿಯ ಅಡಿಗೆ ಹಾಸುವ ಆ ಹಾಳೆಯ ತುದಿಯಲ್ಲಿ ಅಳತೆಗೆರೆ ಇರುವ ಚೀಲವಿದೆ. ರಕ್ತ ಅದರೊಳಗೆ ಇಳಿಯುತ್ತದೆ, ಎಷ್ಟು ಎಂದು ಗೆರೆ ಹೇಳುತ್ತದೆ. ಅದನ್ನು ಬೆಳಗಾವಿ ಜಿಲ್ಲಾಸ್ಪತ್ರೆಯಲ್ಲಿ 123 ತಾಯಂದಿರಲ್ಲಿ ಪರೀಕ್ಷಿಸಿದಾಗ, ಕಣ್ಣಳತೆ ನಿಜವಾದ ಅಳತೆಗಿಂತ ಶೇ 33ರಷ್ಟು ಕಡಿಮೆ ಹೇಳುತ್ತಿತ್ತು. ಅರ್ಧ ಲೀಟರ್ ಹೋಗಿದ್ದರೂ ಅನುಭವಿ ಕಣ್ಣಿಗೆ ಅದು 335 ಎಂ.ಎಲ್. ಅಷ್ಟೇ. ಔಷಧ ಕೈಯಲ್ಲಿದ್ದೂ ಅದನ್ನು ಹೊತ್ತಿಗೆ ಕೊಡದೆ ಇರುವುದಕ್ಕೆ ಕಣ್ಣಿಗೆ ತಪ್ಪಿದ ಈ ಮೂರನೆಯ ಒಂದು ಪಾಲೇ ಸಾಕು.

ಅಳೆಯುವುದರಿಂದ ಏನಾಗುತ್ತದೆ ಎಂಬುದು 2023ರಲ್ಲಿ ದೊಡ್ಡ ಪ್ರಮಾಣದಲ್ಲಿ ತಿಳಿಯಿತು. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ 2,10,132 ಹೆರಿಗೆಗಳು. ಅಳತೆ ಹಾಳೆ ಹಾಸಿ, ರಕ್ತಸ್ರಾವ ಕಂಡ ಕೂಡಲೇ ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕುವುದು, ಬಿಗಿಸುವ ಔಷಧ, ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ತಪಾಸಣೆ ಇವೆಲ್ಲವನ್ನೂ ಒಟ್ಟಿಗೆ ಮಾಡಿದಾಗ ಭಾರಿ ರಕ್ತಸ್ರಾವ ಮತ್ತು ಅದರ ದುರಂತಗಳ ಪ್ರಮಾಣ ಶೇ 4.3ರ ಬದಲು ಶೇ 1.6ಕ್ಕೆ ನಿಂತಿತು. ಹೊಸ ಔಷಧ ಒಂದೂ ಬೇಕಾಗಲಿಲ್ಲ. 2025ರಲ್ಲಿ ಬಂದ ಜಾಗತಿಕ ಮಾರ್ಗಸೂಚಿ ಇನ್ನೂ ಮುಂಚೆ ಎಚ್ಚರಗೊಳ್ಳಲು ಹೇಳಿತು: 300 ಎಂ.ಎಲ್. ಹೋಗಿ ನಾಡಿ, ಬಿಪಿಯಲ್ಲಿ ಏರುಪೇರು ಕಂಡರೆ ಅರ್ಧ ಲೀಟರ್‌ಗೆ ಕಾಯಬೇಡಿ.

ಬಿಸಿಲಿಗೆ ಉತ್ತರವೂ ಬಂದಿದೆ. ಬಿಸಿ ತಾಳುವ ಕಾರ್ಬೆಟೋಸಿನ್ 30 ಡಿಗ್ರಿಯಲ್ಲಿ ಮೂರು ವರ್ಷ ಕೆಡುವುದಿಲ್ಲ. ಹತ್ತು ದೇಶಗಳ 29,645 ತಾಯಂದಿರಲ್ಲಿ ಅದನ್ನು ಆಕ್ಸಿಟೋಸಿನ್ ಜೊತೆ ಹೋಲಿಸಿದ 2018ರ ಅಧ್ಯಯನದಲ್ಲಿ ಬೆಳಗಾವಿ, ಬಾಗಲಕೋಟೆಯ ವೈದ್ಯರೂ ಇದ್ದರು. ಅರ್ಧ ಲೀಟರ್ ರಕ್ತ ಹೋದ ಅಥವಾ ಇನ್ನೊಂದು ಔಷಧ ಬೇಕಾದ ತಾಯಂದಿರು ಒಂದು ಗುಂಪಿನಲ್ಲಿ ಶೇ 14.5, ಇನ್ನೊಂದರಲ್ಲಿ ಶೇ 14.4. ಹೆಚ್ಚುಕಮ್ಮಿ ಒಂದೇ.

46,000 ಲೀಟರ್ ನೀರು, 383 ಗ್ರಾಂ ಔಷಧ

2018ರ ಏಪ್ರಿಲ್ 27ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಹಾಲು ಇಳಿಸಲು ಹಸು, ಎಮ್ಮೆಗಳಿಗೆ ಆಕ್ಸಿಟೋಸಿನ್ ಚುಚ್ಚುವುದನ್ನು ತಡೆಯಬೇಕೆಂದು ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಅದನ್ನು ತಯಾರಿಸಬಾರದು ಎಂದಿತು. ದೇಶಕ್ಕೆಲ್ಲ ಒದಗಿಸುವ ಹೊಣೆ ಬಿದ್ದದ್ದು ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಮೇಲೆ.

ಹೊಣೆಯ ಗಾತ್ರ ನೋಡಿ. 5 ಯೂನಿಟ್‌ನ ಒಂದು ಎಂ.ಎಲ್. ಆಂಪೂಲ್ ಎಂದರೆ ತಾಯಿಗೆ ಎರಡು ಬೇಕು. 2.3 ಕೋಟಿ ತಾಯಂದಿರಿಗೆ ಒಂದೊಂದೇ ಸಲ ಕೊಟ್ಟರೂ 4.6 ಕೋಟಿ ಆಂಪೂಲ್, 46,000 ಲೀಟರ್ ದ್ರಾವಣ. ಅದರಲ್ಲಿ ಔಷಧ 383 ಗ್ರಾಂ. ಉಳಿದದ್ದೆಲ್ಲ ನೀರು, ಗಾಜು, ತಂಪು ಪೆಟ್ಟಿಗೆ, ಲಾರಿ, ದಾರಿ. ಒಂದು ಕಾರ್ಖಾನೆಯ ಒಂದು ಯಂತ್ರ ಕೆಟ್ಟರೆ ಅಸ್ಸಾಮಿನಿಂದ ಚಿಂಚೋಳಿಯವರೆಗೆ ಹೆರಿಗೆ ಮನೆಗಳು ಕಾಯಬೇಕಾಗುತ್ತಿತ್ತು. ಆರೋಗ್ಯ ಕಾರ್ಯಕರ್ತರು ಮತ್ತು ತಯಾರಕರು ನ್ಯಾಯಾಲಯಕ್ಕೆ ಹೋದರು. 2018ರ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಹಸುವಿಗೆ ಆಗುವ ಹಿಂಸೆ ನಿಲ್ಲಬೇಕು, ನಿಜ. ಆದರೆ ತಾಯಿಯ ಔಷಧದ ದಾರಿಯನ್ನು ಒಂದೇ ಬಾಗಿಲಿಗೆ ಇಳಿಸುವುದು ಅದಕ್ಕೆ ಮದ್ದಲ್ಲ.

ಮೊದಲು 25, ಆಮೇಲೆ 800

ಇಷ್ಟೆಲ್ಲ ಕಾಪಾಡುವ ಔಷಧವೇ ಹೊತ್ತು ತಪ್ಪಿದರೆ ಕೊಲ್ಲುತ್ತದೆ. ಕೂಸು ಒಳಗಿರುವಾಗ ಹೆರಿಗೆ ಶುರು ಮಾಡಿಸಲು ವೈದ್ಯರು ಕೊಡುವ ಮೈಸೊಪ್ರೊಸ್ಟಾಲ್ 25 ಮೈಕ್ರೋಗ್ರಾಂ. ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲಿಸಲು ಕೊಡುವುದು 800. ಅದೇ ತಾಯಿ, ಅದೇ ಔಷಧ. ಕೂಸು ಹೊರಬಂದ ಮೇಲೆ ಅಳತೆ 32 ಪಟ್ಟು.

ಆಕ್ಸಿಟೋಸಿನ್‌ನದು ಇನ್ನೂ ಸೂಕ್ಷ್ಮ. ಬ್ಯಾನಿ ಬರಿಸಲು ಡ್ರಿಪ್ ಹಾಕುವಾಗ ನಿಮಿಷಕ್ಕೆ ಒಂದು ಮಿಲಿ ಯೂನಿಟ್‌ನಂಥ ಅಳತೆಯಿಂದ ಶುರು ಮಾಡಿ ಹಂತಹಂತವಾಗಿ ಏರಿಸುತ್ತಾರೆ. ಆ ಮೊದಲ ವೇಗದಲ್ಲಿ ಒಂದು ಗ್ರಾಂ ಔಷಧ ಹರಿದು ಮುಗಿಯಲು 60 ಕೋಟಿ ನಿಮಿಷ, ಅಂದರೆ 1,140 ವರ್ಷ ಬೇಕು. ಕಾಗಿಣಾ ದಂಡೆಯ ಮಳಖೇಡದಲ್ಲಿ ಅಮೋಘವರ್ಷನ ಮಗ ಎರಡನೆಯ ಕೃಷ್ಣ ಆಳುತ್ತಿದ್ದಾಗ ಹಚ್ಚಿದ ಡ್ರಿಪ್ ಈಗ ತಾನೇ ಮುಗಿಯುತ್ತಿರುತ್ತಿತ್ತು! ಇಷ್ಟು ತೆಳ್ಳಗೆ ಕೊಡಬೇಕಾದುದನ್ನು, ಹೆರಿಗೆ ಬೇಗ ಆಗಲೆಂದು ಕೂಸು ಒಳಗಿರುವಾಗಲೇ ಒಂದೇ ಏಟಿಗೆ 5 ಯೂನಿಟ್ ಚುಚ್ಚಿದರೆ ಏನಾದೀತು? ಅದು ಆ ಡ್ರಿಪ್‌ನ 5,000 ನಿಮಿಷದ, ಮೂರೂವರೆ ದಿನದ ಪಾಲು. ಗರ್ಭಕೋಶ ಸಡಿಲವಾಗದೆ ಬಿಗಿದೇ ಇದ್ದರೆ ಕೂಸಿಗೆ ರಕ್ತ ನಿಲ್ಲುತ್ತದೆ; ಹಿಂದೆ ಸಿಸೇರಿಯನ್ ಆಗಿದ್ದರೆ ಗರ್ಭಕೋಶವೇ ಹರಿಯಬಹುದು. ಬ್ಯಾನಿ ಸೂಜಿ ಮಾಡಿ ಎಂದು ಮನೆಯವರು ಅವಸರಪಡಿಸಬಾರದು, ತರಬೇತಿ ಇಲ್ಲದವರು ಅದಕ್ಕೆ ಕೈ ಹಾಕಬಾರದು. ಹೊಸ್ಯಾಕ್ ಹೇಳಿದ್ದೂ ಇದನ್ನೇ.

63ರಿಂದ 20ಕ್ಕೆ

2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2019–21ರ ಹೊತ್ತಿಗೆ ಆ ಸಂಖ್ಯೆ 63ಕ್ಕೆ ಇಳಿದಿತ್ತು. 2005–06ರಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ಶೇ 65ರ ಆಸುಪಾಸು. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 97. ವರ್ಷಕ್ಕೆ 10 ಲಕ್ಷ ಹೆರಿಗೆಯ ಲೆಕ್ಕದಲ್ಲಿ ಈ ಇಳಿಕೆ ಎಂದರೆ 1,650 ತಾಯಂದಿರು ಮನೆಗೆ ಮರಳಿದರು ಎಂದರ್ಥ. ಇದು ಯಾವುದೋ ಒಂದು ಔಷಧದ ಸಾಧನೆಯಲ್ಲ. ರಸ್ತೆ, 108 ಗಾಡಿ, ರಕ್ತನಿಧಿ, ಆಶಾ, ಸಿಸ್ಟರ್, ಆಂಪೂಲ್ ಎಲ್ಲ ಸೇರಿ ಸಾಧಿಸಿದ್ದು. ಅದೇ 2019–21ರಲ್ಲಿ ಪಕ್ಕದ ಕೇರಳದ ಅಂಕಿ 20. ನಾವು ಅಲ್ಲಿಗೆ ಮುಟ್ಟಿದರೆ ವರ್ಷಕ್ಕೆ ಇನ್ನೂ 430 ತಾಯಂದಿರು ಉಳಿಯುತ್ತಾರೆ.

ಆ ದಾರಿಯಲ್ಲಿ ಸರ್ಕಾರ ಮಾಡಬೇಕಾದದ್ದು ಗೊತ್ತೇ ಇದೆ: ಪ್ರತಿ ಹೆರಿಗೆ ಕೇಂದ್ರದಲ್ಲಿ ಥರ್ಮಾಮೀಟರ್ ಇರುವ ಫ್ರಿಜ್, ಕರೆಂಟ್ ಹೋದಾಗ ಬದಲಿ, ಅಳತೆ ಹಾಳೆ, ಬೇಸಿಗೆ ತಾಳುವ ಔಷಧ, ಮಳೆಗಾಲಕ್ಕೆ ಮುಂಚೆಯೇ ಸೇತುವೆಯ ಈಚೆಗೆ ತಲುಪಿದ ದಾಸ್ತಾನು. ನಮ್ಮ ಪಾಲಿನದು ಒಂದು ಪ್ರಶ್ನೆ. ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ಅತ್ತೆ, ಅವ್ವ, ಗಂಡ ಯಾರೇ ಆಗಲಿ, ಗಂಡೋ ಹೆಣ್ಣೋ ಎಂದು ಕೇಳುವ ಮೊದಲು ಕೇಳಬಹುದು: "ಕೂಸು ಹುಟ್ಟಿದ ಮ್ಯಾಲ ಸೂಜಿ ಮಾಡೀರೇನ್ರಿ ಸಿಸ್ಟರ್? ಫ್ರಿಜ್ಜಿನಾಗಿಂದೇ ಹೌದಲ್ರಿ?" ಕೇಳುವವರು ಇದ್ದಾರೆಂದು ಗೊತ್ತಾದ ಕಡೆ ಫ್ರಿಜ್ಜು ಚಾಲೂ ಇರುತ್ತದೆ, ಪುಸ್ತಕದಲ್ಲಿ ಹೊತ್ತು ಬರೆದಿರುತ್ತದೆ. ಜಿಲ್ಲೆಗೆಲ್ಲ ಒಂದು ಗ್ರಾಂ ಸಾಕು ಎಂದ ಮೇಲೆ ಒಬ್ಬ ತಾಯಿಗೂ ಅವಳ ಪಾಲು ತಪ್ಪಬಾರದು.